ನ್ಯಾಯಾಧೀಶರ ಮುಂದುವರಿಕೆ ಮತದಾನ

ಪೀಠದಲ್ಲಿರುವ ನ್ಯಾಯಾಧೀಶರನ್ನು ಉಳಿಸಿಕೊಳ್ಳಬೇಕೆ ಬೇಡವೆ ಎಂದು ಮತದಾರರನ್ನೇ ಕೇಳುವ ಪದ್ಧತಿ. ಅಮೆರಿಕ ಸಂಯುಕ್ತ ಸಂಸ್ಥಾನದ ಹಲವು ರಾಜ್ಯಗಳಲ್ಲಿದೆ. ಎದುರಾಳಿ ಇಲ್ಲ, ಪಕ್ಷದ ಗುರುತಿಲ್ಲ. ಮತಪತ್ರದಲ್ಲಿ ನ್ಯಾಯಾಧೀಶರ ಹೆಸರು, ‘ಹೌದು’ ಅಥವಾ ‘ಇಲ್ಲ’. ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ‘ಹೌದು’ ಬಿದ್ದರೆ ಸಾಕು. ಇಲಿನಾಯ್‌ನಲ್ಲಿ ಮಾತ್ರ ಶೇ. 60, ನ್ಯೂ ಮೆಕ್ಸಿಕೋದಲ್ಲಿ ಶೇ. 57 ಬೇಕು.

ಕ್ಯಾಲಿಫೋರ್ನಿಯ 1934ರಲ್ಲೇ ಇದನ್ನು ತಂದಿತ್ತಾದರೂ ಮಾದರಿಯಾದದ್ದು ಮಿಸೌರಿ. ಕಾನ್ಸಾಸ್ ಸಿಟಿಯಲ್ಲಿ ಟಾಮ್ ಪೆಂಡರ್‌ಗ್ಯಾಸ್ಟ್‌ನ ರಾಜಕೀಯ ಕೂಟ ನ್ಯಾಯಾಧೀಶರ ಚುನಾವಣೆಯಲ್ಲೂ ಕೈಯಾಡಿಸುತ್ತಿತ್ತು. ಅದಕ್ಕೆ ರೋಸಿದ ಜನ 1940ರಲ್ಲಿ ಹೊಸ ಕ್ರಮಕ್ಕೆ ಒಪ್ಪಿಗೆ ಕೊಟ್ಟರು. ನ್ಯಾಯಾಧೀಶರ ಆಯ್ಕೆ ಆಯೋಗ ಮೂರು ಹೆಸರು ಸೂಚಿಸುತ್ತದೆ, ಗವರ್ನರ್ ಒಬ್ಬರನ್ನು ನೇಮಿಸುತ್ತಾರೆ. ವರ್ಷ ಕಳೆದ ಮೇಲೆ ಬರುವ ಸಾರ್ವತ್ರಿಕ ಚುನಾವಣೆಯಲ್ಲಿ ಜನರ ತೀರ್ಪು. ರಾಜ್ಯದ ಸರ್ವೋಚ್ಚ ನ್ಯಾಯಾಲಯದವರು ಗೆದ್ದರೆ ಮುಂದಿನ ಅವಧಿ 12 ವರ್ಷ.

ರಾಜ್ಯ ಸಂವಿಧಾನದ ಅರ್ಥ ನಿರ್ಧರಿಸುವಲ್ಲಿ ಕೊನೆಯ ಮಾತು ರಾಜ್ಯದ ಸರ್ವೋಚ್ಚ ನ್ಯಾಯಾಲಯದ್ದು. ಆಯ್ಕೆಯಲ್ಲಿ ವಕೀಲರ ಕೈ ಮೇಲು, ವಾಗ್ದಂಡನೆಯೋ ತೀರ ಅಪರೂಪ. ಇಂಥಲ್ಲಿ ಜನರ ಕೈಗೂ ಒಂದು ಲಗಾಮು ಬೇಕೆಂಬುದು ಸಮರ್ಥಕರ ವಾದ, ಅದರಲ್ಲಿ ಹುರುಳಿದೆ. ಆದರೆ ಲಗಾಮು ಬಿಗಿದಾಗಲೆಲ್ಲ ಅದು ಹೆಚ್ಚಾಗಿ ಒಂದೇ ವಿಷಯದ ಮೇಲಿನ ಸಿಟ್ಟಿನಿಂದ. 1986ರಲ್ಲಿ ಕ್ಯಾಲಿಫೋರ್ನಿಯದ ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್ ಇಬ್ಬರು ಸಹೋದ್ಯೋಗಿಗಳೊಂದಿಗೆ ಸೋತರು. ತಮ್ಮ ಮುಂದೆ ಬಂದ 61 ಮರಣದಂಡನೆ ಪ್ರಕರಣಗಳಲ್ಲಿ ಒಂದರಲ್ಲೂ ಶಿಕ್ಷೆಯನ್ನು ಬರ್ಡ್ ಎತ್ತಿಹಿಡಿದಿರಲಿಲ್ಲ.

ಅಯೋವಾದ ಪ್ರಕರಣ ಇನ್ನೂ ವಿಚಿತ್ರ. 2009ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಏಳೂ ನ್ಯಾಯಮೂರ್ತಿಗಳು ಒಮ್ಮತದಿಂದ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಟ್ಟರು. ಮರುವರ್ಷ ಮತಪತ್ರದಲ್ಲಿ ಸರದಿ ಬಂದದ್ದು ಮುಖ್ಯ ನ್ಯಾಯಮೂರ್ತಿ ಮಾರ್ಷಾ ಟರ್ನಸ್, ಮೈಕೆಲ್ ಸ್ಟ್ರೀಟ್, ಡೇವಿಡ್ ಬೇಕರ್ ಈ ಮೂವರದು. ಹೊರರಾಜ್ಯದ ಸಂಘಟನೆಗಳು ಹಣ ಸುರಿದವು. ಮೂವರೂ ಮನೆಗೆ ಹೋದರು. ಅದೇ ತೀರ್ಪಿಗೆ ಸಹಿ ಹಾಕಿದ್ದ ಉಳಿದ ನಾಲ್ವರು 2012 ಮತ್ತು 2016ರಲ್ಲಿ ಸರದಿ ಬಂದಾಗ ಗೆದ್ದರು. ಸೋಲು ಗೆಲುವನ್ನು ತೀರ್ಮಾನಿಸಿದ್ದು ನ್ಯಾಯಕ್ಕಿಂತ ಕ್ಯಾಲೆಂಡರ್ ಎನ್ನಬೇಕು.

ಬಹುಪಾಲು ನ್ಯಾಯಾಧೀಶರು ಸದ್ದಿಲ್ಲದೆ ಮುಂದುವರಿಯುತ್ತಾರೆ. ಅವರ ಹೆಸರನ್ನೇ ಕೇಳಿರದ ಮತದಾರ ಆ ಕಾಲಮನ್ನು ಖಾಲಿ ಬಿಡುವುದೂ ಉಂಟು. ಈ ಕೊರತೆಗೆ ಒಳ್ಳೆಯ ಮದ್ದು ಅಲಾಸ್ಕಾದ್ದು. ಅಲ್ಲಿನ ನ್ಯಾಯಾಂಗ ಮಂಡಳಿ ವಕೀಲರು, ಪೊಲೀಸರು, ಜ್ಯೂರಿ ಸದಸ್ಯರು, ನ್ಯಾಯಾಲಯದ ನೌಕರರ ಅಭಿಪ್ರಾಯ ಸಂಗ್ರಹಿಸಿ ತನ್ನ ಶಿಫಾರಸನ್ನು ಚುನಾವಣಾ ಕೈಪಿಡಿಯಲ್ಲಿ ಅಚ್ಚುಹಾಕಿಸುತ್ತದೆ. ಮಾಹಿತಿ ಕೈಗೆ ಬಾರದಿದ್ದರೆ ಮತದಾನ ಬರೀ ಊಹೆ.

ಮತದಾರರ ಈ ಹಕ್ಕನ್ನು ಮೊಟಕುಗೊಳಿಸುವ ಯತ್ನವೂ ನಡೆದಿದೆ. ನಿಯತಕಾಲಿಕ ಮತದಾನವನ್ನು ಕೈಬಿಟ್ಟು, ಸದ್ವರ್ತನೆಯಿದ್ದಷ್ಟು ಕಾಲ ನ್ಯಾಯಾಧೀಶರು ನಿವೃತ್ತಿಯವರೆಗೂ ಇರಲಿ ಎಂಬ ಪ್ರಸ್ತಾವ 2024ರಲ್ಲಿ ಅರಿಜೋನಾದ ಮತದಾರರ ಮುಂದೆ ಬಂತು. ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಮತಗಳಿಂದ ಅದು ಬಿದ್ದುಹೋಯಿತು.