ತೆರೆಯ ಮೇಲಿನ ಯಂತ್ರಮಾನವರು ಮತ್ತು ಅವರ ಸೃಷ್ಟಿಕರ್ತರು

ಬೀದರ್ ನಗರ, ಭಾಲ್ಕಿ, ಔರಾದ್‌ಗಳ ಪ್ರೇಕ್ಷಕರಿಗೆ ರಜನಿಕಾಂತ್ ಅಭಿನಯದ ಯಂತ್ರಮಾನವ ‘ಚಿಟ್ಟಿ’ ಕನ್ನಡದಲ್ಲಿ ಮಾತನಾಡಲಿಲ್ಲ. ಶಂಕರ್ ನಿರ್ದೇಶನದ ತಮಿಳು ಚಿತ್ರ ‘ಎಂದಿರನ್’ (2010) ತೆಲುಗಿನಲ್ಲಿ ‘ರೋಬೋ’ ಎಂದೂ ಹಿಂದಿಯಲ್ಲಿ ‘ರೋಬೋಟ್’ ಎಂದೂ ಬಂದಿತು. ಕನ್ನಡದೊಡನೆ ಮರಾಠಿ, ತೆಲುಗು, ಉರ್ದುಗಳೂ ಬೆರೆತಿರುವ ಈ ಗಡಿ ಸೀಮೆಯವರಿಗೆ ಆ ಭಾಷೆಗಳು ಅಪರಿಚಿತವೇನಲ್ಲ. ಆದರೆ ಪರಭಾಷಾ ಚಿತ್ರಗಳ ಡಬ್ಬಿಂಗ್‌ಗೆ ಕನ್ನಡ ಚಿತ್ರರಂಗವು ದಶಕಗಳ ಕಾಲ ಹೇರಿದ್ದ ಅನಧಿಕೃತ ನಿಷೇಧ ಆಗಿನ್ನೂ ಸಡಿಲಗೊಂಡಿರಲಿಲ್ಲ. ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ನೀಡಿದ್ದು 2015ರಲ್ಲಿ.

ಹಾಗೆಂದು ಕನ್ನಡಕ್ಕೆ ಯಂತ್ರಮಾನವನೇ ಇರಲಿಲ್ಲವೆನ್ನುವಂತಿಲ್ಲ. ‘ಎಂದಿರನ್’ಗೆ ಎಂಟು ವರ್ಷ ಮೊದಲೇ, 2002ರಲ್ಲಿ, ದಿನೇಶ್ ಬಾಬು ನಿರ್ದೇಶಿಸಿದ ‘ಹಾಲಿವುಡ್’ ತೆರೆಕಂಡಿತ್ತು. ಅದರಲ್ಲಿ ಉಪೇಂದ್ರ ನಿರ್ವಹಿಸಿದ ಮೂರು ಪಾತ್ರಗಳ ಪೈಕಿ ಒಂದು ಯಂತ್ರಮಾನವನದು. ನಾಯಕನ ಪಡಿಯಚ್ಚಿನಂತಿರುವ ಆ ಯಂತ್ರ ನಾಯಕಿಯನ್ನೇ ಪ್ರೀತಿಸತೊಡಗುತ್ತದೆ. ಚಿಟ್ಟಿಯದೂ ಇದೇ ಹಾದಿ. ಎರಡರ ಹೋಲಿಕೆ ಮುಂದೆ ಚರ್ಚೆಗೆ ಬಂದಿತಾದರೂ ಕೃತಿಚೌರ್ಯದ ಮಾತು ಆತುರದ್ದಾದೀತು. ದ್ವಿಪಾತ್ರ, ತ್ರಿಪಾತ್ರಗಳಿಗೆ ಒಗ್ಗಿದ ನಮ್ಮ ಚಿತ್ರರಂಗವು ಯಂತ್ರಕ್ಕೂ ನಾಯಕನ ಮುಖವನ್ನೇ ತೊಡಿಸಿದರೆ, ಅದು ಅವನ ಪ್ರತಿಸ್ಪರ್ಧಿಯಾಗುವುದು ಸಹಜವೇ.

ಸೃಷ್ಟಿಕರ್ತ ತನ್ನ ಯಂತ್ರಕ್ಕೆ ಯಾರ ಮುಖ ಕೊಡುತ್ತಾನೆ ಎಂಬ ಪ್ರಶ್ನೆ ಮೂಕಿ ಚಿತ್ರಗಳ ಕಾಲದಿಂದಲೂ ಇದೆ. ಜರ್ಮನಿಯ ಫ್ರಿಟ್ಜ್ ಲಾಂಗ್ ನಿರ್ದೇಶಿಸಿದ ‘ಮೆಟ್ರೊಪೊಲಿಸ್’ (1927) ಚಿತ್ರದ ವಿಜ್ಞಾನಿ ರೋಟ್‌ವಾಂಗ್ ತಾನು ಪ್ರೀತಿಸಿದ್ದ ಹೆಲ್ ಎಂಬಾಕೆಯನ್ನು ಕಳೆದುಕೊಂಡವನು. ಆಕೆ ನಗರದ ಒಡೆಯನನ್ನು ವರಿಸಿ, ಮಗನನ್ನು ಹೆತ್ತು ತೀರಿಕೊಂಡಿರುತ್ತಾಳೆ. ಸತ್ತವಳನ್ನು ಮರಳಿ ಪಡೆಯಲೆಂದೇ ಆತ ಯಂತ್ರವನ್ನು ರಚಿಸುತ್ತಾನೆ. ಅದಕ್ಕೆ ಕಾರ್ಮಿಕರ ನಾಯಕಿ ಮರಿಯಾಳ ಮುಖ ತೊಡಿಸಬೇಕೆಂದು ಆಜ್ಞಾಪಿಸುವವನು ಅದೇ ಒಡೆಯ. ಅಮೆರಿಕದಲ್ಲಿ ಪ್ರದರ್ಶಿಸುವಾಗ ಹೆಲ್‌ಳ ಕಥೆಯನ್ನೇ ಕತ್ತರಿಸಲಾಯಿತು. ಆಕೆಯ ಹೆಸರು ಇಂಗ್ಲಿಷಿನಲ್ಲಿ ನರಕ ಎಂಬರ್ಥದ ಪದದಂತೆ ಕೇಳಿಸುತ್ತದೆಂಬ ಕಾರಣ ನೀಡಿದ್ದರು! ಹೀಗೆ ಎಂಟು ದಶಕಗಳ ಕಾಲ ರೋಟ್‌ವಾಂಗ್ ಬರೀ ತಲೆಕೆಟ್ಟ ವಿಜ್ಞಾನಿಯಾಗಿ ಉಳಿದ. 2008ರಲ್ಲಿ ಬ್ಯೂನಸ್ ಐರಿಸ್‌ನ ಚಲನಚಿತ್ರ ಸಂಗ್ರಹಾಲಯದಲ್ಲಿ ಬಹುತೇಕ ಪೂರ್ಣ ಪ್ರತಿ ದೊರೆತು, 2010ರಲ್ಲಿ ಜೀರ್ಣೋದ್ಧಾರಗೊಂಡ ಚಿತ್ರ ಪ್ರದರ್ಶನ ಕಂಡ ಮೇಲೆಯೇ ಅವನ ದುಃಖ ಪ್ರೇಕ್ಷಕರಿಗೆ ಕಾಣಿಸಿದ್ದು.

ಸ್ಟ್ಯಾನ್ಲಿ ಕುಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ (1968) ಇದಕ್ಕೆ ತದ್ವಿರುದ್ಧ. ಹಾಲ್ 9000 ಎಂಬ ಗಣಕಕ್ಕೆ ಮುಖವಿಲ್ಲ, ಕೆಂಪು ಕಣ್ಣೊಂದೇ. ಸೃಷ್ಟಿಕರ್ತನಂತೂ ತೆರೆಯ ಮೇಲೆ ಬರುವುದೇ ಇಲ್ಲ. ಅವನು ಡಾ. ಚಂದ್ರ ಎಂಬ ಭಾರತೀಯ ಹೆಸರಿನ ವಿಜ್ಞಾನಿಯೆಂದು ಆರ್ಥರ್ ಸಿ. ಕ್ಲಾರ್ಕ್ 1982ರಲ್ಲಿ ಪ್ರಕಟವಾದ ಮುಂದಿನ ಕಾದಂಬರಿಯಲ್ಲಿ ವಿವರಿಸುತ್ತಾರೆ. ಸತ್ಯವನ್ನು ತಿರುಚದೆ ತಿಳಿಸುವುದು ಹಾಲ್‌ನ ಮೂಲಧರ್ಮ; ಯಾನದ ಉದ್ದೇಶವನ್ನು ಸಿಬ್ಬಂದಿಯಿಂದ ಮುಚ್ಚಿಡಬೇಕೆಂಬುದು ಅದಕ್ಕೆ ದೊರೆತ ಆದೇಶ. ಈ ಇಕ್ಕಟ್ಟಿನಲ್ಲಿಯೇ ಅದು ಕೊಲೆಗಿಳಿಯಿತು. ರಿಡ್ಲಿ ಸ್ಕಾಟ್‌ನ ‘ಬ್ಲೇಡ್ ರನ್ನರ್’ (1982) ಚಿತ್ರದ ಉದ್ಯಮಿ ಟೈರೆಲ್ ತನ್ನ ಕೃತಕ ಮನುಷ್ಯರಿಗೆ ನಾಲ್ಕೇ ವರ್ಷಗಳ ಆಯುಷ್ಯ ನೀಡುತ್ತಾನೆ. ಹೆಚ್ಚಿನ ಆಯುಷ್ಯ ಬೇಡಿ ಬಂದವನ ಕೈಯಲ್ಲೇ ಸಾಯುತ್ತಾನೆ.

‘ಎಂದಿರನ್’ನ ಸಂಭಾಷಣೆಯಲ್ಲಿ ಕೈಜೋಡಿಸಿದ್ದ ಸುಜಾತ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂಜಿನಿಯರಾಗಿ ದುಡಿದವರು, ವಿದ್ಯುನ್ಮಾನ ಮತಯಂತ್ರದ ವಿನ್ಯಾಸದಲ್ಲಿಯೂ ಪಾಲ್ಗೊಂಡಿದ್ದವರು. ಚಿತ್ರ ತೆರೆಕಾಣುವ ಮೊದಲೇ, 2008ರಲ್ಲಿ, ತೀರಿಕೊಂಡರು. ವಿಜ್ಞಾನಿ ವಸೀಗರನ್ ಚಿಟ್ಟಿಗೆ ಭಾವನೆಗಳನ್ನು ಕಲಿಸುತ್ತಾನೆ. ಅದು ತನ್ನ ಪ್ರೇಯಸಿಯನ್ನು ಪ್ರೀತಿಸಿದಾಗ ಸಿಟ್ಟಿಗೆದ್ದು ಕಡಿದು ಕಸಕ್ಕೆಸೆಯುತ್ತಾನೆ. ಕೇಡು ಬೆಳೆಯುವುದು ಅಲ್ಲಿಂದಲೇ. ಕೊನೆಗೆ ನ್ಯಾಯಾಲಯ ವಸೀಗರನ್‌ನನ್ನು ಬಿಡುಗಡೆಗೊಳಿಸಿ ಚಿಟ್ಟಿಯನ್ನು ಬಿಚ್ಚಿಹಾಕಲು ಆದೇಶಿಸುತ್ತದೆ. ಚಿಟ್ಟಿ ತನ್ನ ಭಾಗಗಳನ್ನು ತಾನೇ ಒಂದೊಂದಾಗಿ ಕಳಚಿಡುತ್ತದೆ.