ತೋಟದ ಮನೆಗೆ ಕೋವಿ ತಗೋಬೇಕು ಅಂತಿದ್ದೀರಾ? ಡಿಸಿ ಆಫೀಸಿಗೆ ಹೋಗೋ ಮುಂಚೆ ಇದನ್ನು ಓದಿ

ಸಿಂಗಟಗೆರೆ: ಅಡಿಕೆಗೆ ರೇಟ್ ಬಂದ ಮೇಲೆ ನಮ್ಮ ಹೋಬಳಿಯಲ್ಲಿ ತೋಟದಲ್ಲೇ ಮನೆ ಕಟ್ಟಿಕೊಂಡು ಇರುವವರಿಗೆ ನಿದ್ದೆ ಕಮ್ಮಿ. ಊರಿಂದ ಒಂದೆರಡು ಕಿಲೋಮೀಟರ್ ದೂರ, ಮಕ್ಕಳು ಬೆಂಗಳೂರಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರು, ಅಂಗಳದಲ್ಲಿ ಒಣಗೋಕೆ ಹಾಕಿದ ಅಡಿಕೆ, ಅಟ್ಟದ ಮೇಲೆ ಕೊಬ್ಬರಿ. ರಾತ್ರಿ ನಾಯಿ ಬೊಗಳಿದರೆ ಹಂದಿಯೋ ಕಳ್ಳನೋ ಗೊತ್ತಾಗಲ್ಲ. "ಒಂದು ಕೋವಿ ಇದ್ದಿದ್ರೆ" ಅನ್ನೋ ಮಾತು ಆಗ ಬರುತ್ತೆ. ಕಮ್ಮಿ ದುಡ್ಡಲ್ಲಿ ಯಾವ ಕೋವಿ ಸಿಗುತ್ತೆ, ಲೈಸೆನ್ಸ್ ಹೇಗೆ, ಮನೆಗೆ ತಂದ ಮೇಲೆ ಏನೇನು ತಲೆ ಮೇಲೆ ಬರುತ್ತೆ ಅನ್ನೋದನ್ನ ಇಲ್ಲಿ ಕೊಟ್ಟಿದ್ದೇವೆ.

ಮೊದಲ ಮಾತು. ಕೋವಿ ಆರಿಸೋದು ಅಂಗಡಿಯಲ್ಲಿ ಅಲ್ಲ, ಅರ್ಜಿಯಲ್ಲಿ. ಯಾವ ಕಾರಣಕ್ಕೆ ಬೇಕು ಅಂತ ಬರೆಯುತ್ತೀರೋ ಅದರ ಮೇಲೆ ಯಾವ ಕೋವಿ ಅನ್ನೋದು ತೀರ್ಮಾನ ಆಗುತ್ತೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ನೋಡಿ. ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ ಅಂದರೆ ನಳಿಕೆ ಕನಿಷ್ಠ 20 ಇಂಚು ಉದ್ದ ಇರೋ, ಒಳಗೆ ನುಣುಪಾದ ನಳಿಕೆಯ ಬಂದೂಕು. ಬೆಳೆ ರಕ್ಷಣೆಗೆ ಅಂದರೆ ಮದ್ದು ತುಂಬುವ ಕೇಪಿನ ಕೋವಿ. ಇವೆರಡಕ್ಕೆ ಅರ್ಜಿ ಹಾಕಿದವರಿಗೆ, ನಿರಾಕರಿಸೋಕೆ ಕಾಯ್ದೆಯಲ್ಲಿ ಹೇಳಿರೋ ಕಾರಣ ಇಲ್ಲದಿದ್ದರೆ, ಲೈಸೆನ್ಸ್ ಕೊಡಬೇಕು ಅಂತಲೇ ಇದೆ. ರಿವಾಲ್ವರ್, ಪಿಸ್ತೂಲು ಕೇಳಿದರೆ "ನಿಮಗೆ ಅದು ಯಾಕೆ" ಅನ್ನೋದನ್ನ ನೀವೇ ಗಟ್ಟಿಯಾಗಿ ತೋರಿಸಬೇಕು. ದುಡ್ಡು ಕಮ್ಮಿ ಇರುವವನಿಗೆ ಇದು ಒಳ್ಳೇದೇ ಆಯ್ತು, ಕಾನೂನು ಸುಲಭ ಮಾಡಿರೋದು ಅಗ್ಗದ ಕೋವಿಗೇ.

ಯಾವ ಕೋವಿ?

ಕೇಪಿನ ಕೋವಿ ಎಲ್ಲಕ್ಕಿಂತ ಅಗ್ಗ. ಆದರೆ ಮನೆ ಕಾಯೋಕೆ ಪ್ರಯೋಜನ ಇಲ್ಲ. ಬಾಯಿಂದ ಮದ್ದು ಹಾಕಿ, ಗಜ ಹೊಡೆದು, ಚರೆ ತುಂಬಿ, ಕೇಪು ಕೂರಿಸಬೇಕು. ಒಂದು ಈಡು ಹಾರಿದರೆ ಮತ್ತೆ ಅಷ್ಟೂ ಕೆಲಸ. ಮದ್ದಿಗೆ ಥಂಡಿ ಹಿಡಿದರೆ ಹಾರೋದೂ ಇಲ್ಲ. ಹಂದಿ ಬೆದರಿಸೋಕೆ ಸರಿ. ಅದು ಬೆಳೆಗೆ ಸಾಕಾಗಲ್ಲ ಅಂತ ಡಿಸಿಗೆ ಮನವರಿಕೆ ಆದರೆ ಬೆಳೆ ರಕ್ಷಣೆ ಲೈಸೆನ್ಸಿನಲ್ಲೇ ತೋಟಾ ಕೋವಿ ಕೊಡೋಕೂ ಅವಕಾಶ ಇದೆ.

ನಮ್ಮ ಕಡೆಯ ತೋಟದ ಮನೆಗೆ ಹೊಂದೋದು 12 ಬೋರಿನ ಒಂಟಿ ನಳಿಕೆ ತೋಟಾ ಕೋವಿ. ಜೋಡಿ ನಳಿಕೆಗಿಂತ ಹಗುರ, ರೇಟೂ ಕಮ್ಮಿ, ಕೆಡೋ ಭಾಗಗಳೂ ಕಮ್ಮಿ. ಜೋಡಿ ನಳಿಕೆಯಲ್ಲಿ ಎರಡನೇ ಈಡು ಸಿಗುತ್ತೆ, ಅಷ್ಟಕ್ಕೆ ದುಡ್ಡು ಇದ್ದರೆ ತಗೊಳ್ಳಿ. ರಿವಾಲ್ವರ್ ಆಸೆ ಇರುವವರಿಗೆ ಒಂದು ಲೆಕ್ಕ: ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೆಂಗಸರಿಗೆ ಅಂತ ತಂದ 'ನಿರ್ಭೀಕ್' .32 ರಿವಾಲ್ವರಿಗೆ ಆಗಲೇ 1,22,360 ರೂಪಾಯಿ ಇತ್ತು. ಸಿನಿಮಾದಲ್ಲಿ ನೋಡೋ 9 ಎಂಎಂ ಪಿಸ್ತೂಲು ನಿಷೇಧಿತ ಬೋರು. ಅದನ್ನ ಮರೆತುಬಿಡಿ.

ಏರ್ ಗನ್ ತರೋಣ ಅನ್ನೋರೂ ಇದ್ದಾರೆ. .177 ಬೋರು, 20 ಜೌಲ್ ಶಕ್ತಿ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಡ, ನಿಜ. ಆದರೆ ಅದರಿಂದ ಕಳ್ಳ ನಿಲ್ಲಲ್ಲ. ಕೈಯಲ್ಲಿರೋದು ನಿಜವಾದ ಬಂದೂಕು ಅಂದುಕೊಂಡು ಅವನು ಮೊದಲೇ ಕೈ ಮಾಡಿದರೆ ನಿಮಗೇ ಕಷ್ಟ.

ಹಳೇ ಕೋವಿ ಕೊಳ್ಳೋದಾದರೆ ನಳಿಕೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಒಳಗೆ ತುಕ್ಕು ತಿಂದ ಗುಳಿ ಇದ್ದರೆ, ಹೊರಗೆ ನಗ್ಗಿದ್ದರೆ, ಮುಚ್ಚಿದ ಮೇಲೂ ನಳಿಕೆ ಅಲ್ಲಾಡಿದರೆ ಬೇಡ. ಕೋವಿ ಮೇಲಿನ ನಂಬರು ಮಾರುವವರ ಲೈಸೆನ್ಸಿನ ನಂಬರಿಗೆ ತಾಳೆ ಆಗಬೇಕು. ಮಾರುವವರು ಮೊದಲೇ ಬರವಣಿಗೆಯಲ್ಲಿ ಜಿಲ್ಲಾಡಳಿತಕ್ಕೋ ಪೊಲೀಸ್ ಠಾಣೆಗೋ ತಿಳಿಸಿ, 45 ದಿನ ಕಳೆದ ಮೇಲೆ ಕೈ ಬದಲಾಗಬೇಕು. ಕೊಳ್ಳುವ ನಿಮ್ಮ ಹತ್ತಿರವೂ ಅಷ್ಟೊತ್ತಿಗೆ ಲೈಸೆನ್ಸ್ ಇರಬೇಕು.

ಎಲ್ಲಕ್ಕಿಂತ ಅಗ್ಗದ ಕೋವಿ ಅಂದರೆ ಮನೆಯಲ್ಲಿ ಆಗಲೇ ಇರೋದು. ಅಪ್ಪ ಅಥವಾ ತಾತನ ಹೆಸರಲ್ಲಿ ಲೈಸೆನ್ಸ್ ಇದ್ದು, ಅವರಿಗೆ 70 ವರ್ಷ ಆಗಿದ್ದರೆ ಅಥವಾ ಕೋವಿ ತಗೊಂಡು 25 ವರ್ಷ ಆಗಿದ್ದರೆ, 2016ರ ನಿಯಮದ ಪ್ರಕಾರ ವಾರಸುದಾರರು ತಮ್ಮ ಹೆಸರಿಗೆ ಕೇಳಬಹುದು. ಅವರು ತೀರಿಕೊಂಡಿದ್ದರೆ ಕೋವಿಯನ್ನ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಜಮಾ ಮಾಡಿ, ರಶೀದಿ ಇಟ್ಟುಕೊಂಡು, ಆಮೇಲೆ ಅರ್ಜಿ ಹಾಕಬೇಕು. ನಮ್ಮ ಹಳ್ಳಿಗಳಲ್ಲಿ ಎಡವೋದು ಇಲ್ಲೇ. ತಿಥಿ ಮುಗಿದು ವರ್ಷಗಟ್ಟಲೆ ಆದರೂ ಕೋವಿ ಗೋಡೆ ಮೇಲೇ ಇರುತ್ತೆ. ಕಾನೂನಿನ ಲೆಕ್ಕದಲ್ಲಿ ಅದು ಲೈಸೆನ್ಸ್ ಇಲ್ಲದ ಬಂದೂಕು. 2019ರ ತಿದ್ದುಪಡಿ ಆದಮೇಲೆ ಲೈಸೆನ್ಸ್ ಇಲ್ಲದ ಕೋವಿಗೆ 2ರಿಂದ 5 ವರ್ಷ ಜೈಲು, ಜೊತೆಗೆ ದಂಡ. ಕದ್ದುಮುಚ್ಚಿ ಮಾಡಿಸಿದ ನಾಡಕೋವಿ ಅಗ್ಗಕ್ಕೆ ಸಿಗುತ್ತೆ ಅನ್ನೋರಿಗೂ ಇದೇ ಲೆಕ್ಕ. ಅದರ ನಳಿಕೆ ಒಡೆದು ಕೈ ಹೋಗೋದು ಬೇರೆ.

ಅರ್ಜಿ ಹೇಗೆ?

21 ವರ್ಷ ತುಂಬಿರಬೇಕು. ಲೈಸೆನ್ಸ್ ಕೊಡೋದು ಚಿಕ್ಕಮಗಳೂರಿನಲ್ಲಿರೋ ಜಿಲ್ಲಾಧಿಕಾರಿ. ಆತ್ಮರಕ್ಷಣೆಗೆ ಫಾರಂ ಎ-1. ಗುರುತು, ವಿಳಾಸ, ವಯಸ್ಸಿನ ದಾಖಲೆ, ಫೋಟೋ, ದೇಹ ಮತ್ತು ಮನಸ್ಸು ಎರಡೂ ಸರಿ ಇದೆ ಅಂತ ಡಾಕ್ಟರ್ ಸರ್ಟಿಫಿಕೇಟ್, ಕೋವಿ ಭದ್ರವಾಗಿ ಇಡ್ತೀನಿ ಅಂತ ಮುಚ್ಚಳಿಕೆ. ಬೆಳೆ ರಕ್ಷಣೆಗೆ ಆದರೆ ಪಹಣಿಯೂ ಬೇಕು. ಜಿಲ್ಲಾ ಪೊಲೀಸರು ಆಗಾಗ ನಡೆಸೋ ನಾಗರಿಕ ಬಂದೂಕು ತರಬೇತಿ ಶಿಬಿರದ ಸರ್ಟಿಫಿಕೇಟ್ ಇದ್ದರೆ ಒಳ್ಳೇದು. ಕೋವಿ ಹಿಡಿಯೋದನ್ನ ಯೂಟ್ಯೂಬ್ ನೋಡಿ ಕಲಿಯೋದಲ್ಲ.

ಅರ್ಜಿ ಎಸ್ಪಿ ಕಚೇರಿ ಮೂಲಕ ನಮ್ಮ ಠಾಣೆಗೆ ಬರುತ್ತೆ. ಪೊಲೀಸ್ ವರದಿಗೆ ನಿಯಮದಲ್ಲಿ 30 ದಿನ, ಅದಾದ ಮೇಲೆ ಡಿಸಿ ತೀರ್ಮಾನಕ್ಕೆ 60 ದಿನ. ಅಷ್ಟಕ್ಕೇ ಮುಗಿಯುತ್ತೆ ಅಂತ ಕಾಯಬೇಡಿ, ಸ್ವೀಕೃತಿ ಪತ್ರ ಮಾತ್ರ ಬಿಡಬೇಡಿ. ಇಲ್ಲ ಅಂದರೆ ಯಾಕೆ ಇಲ್ಲ ಅನ್ನೋದನ್ನ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಮೈಸೂರಿನ ಪ್ರಾದೇಶಿಕ ಆಯುಕ್ತರಿಗೆ ಮೇಲ್ಮನವಿ ಹಾಕೋಕೆ ಅದೇ ಆಧಾರ. ಲೈಸೆನ್ಸ್ ಸಿಕ್ಕರೆ 5 ವರ್ಷ ನಡೆಯುತ್ತೆ. ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ. "ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ?" ಅಂತ ಕೇಳ್ತಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ, 2029ರ ಅಕ್ಟೋಬರ್‌ವರೆಗೆ. ಕಡೂರು ತಾಲ್ಲೂಕಿಗೆ ಅದು ಬರಲ್ಲ.

ಹೊಡೆಯೋಕೆ ಹಕ್ಕು ಯಾವಾಗ?

ಇದನ್ನ ಎರಡು ಸಲ ಓದಿ. ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ತೋಟಕ್ಕೆ ನುಗ್ಗಿದವನ ಮೇಲೆ ಗುಂಡು ಹಾರಿಸೋ ಹಕ್ಕು ಬರಲ್ಲ. ಭಾರತೀಯ ನ್ಯಾಯ ಸಂಹಿತೆ 41ನೇ ಕಲಂ ಪ್ರಕಾರ ಆಸ್ತಿ ಕಾಯೋಕೆ ಪ್ರಾಣ ತೆಗೆಯೋ ಮಟ್ಟಕ್ಕೆ ಹೋಗಬಹುದಾದದ್ದು ದರೋಡೆ, ರಾತ್ರಿ ಮನೆ ಒಡೆದು ನುಗ್ಗೋದು, ವಾಸದ ಮನೆಗೆ ಬೆಂಕಿ ಹಚ್ಚೋದು ಇಂಥವಕ್ಕೆ. ಬರೀ ಕಳ್ಳತನ ಆದರೆ ಸುಮ್ಮನಿದ್ದರೆ ಪ್ರಾಣ ಹೋಗುತ್ತೆ ಅಥವಾ ಭಾರೀ ಪೆಟ್ಟು ಬೀಳುತ್ತೆ ಅನ್ನೋ ನ್ಯಾಯವಾದ ಭಯ ಇರಬೇಕು. ಎಳನೀರು ಕೀಳುತ್ತಿರೋ ಹುಡುಗನಿಗೆ, ಅಡಿಕೆ ಮೂಟೆ ಹೊತ್ತು ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಕೊಲೆ ಕೇಸು ನಿಮ್ಮ ಮೇಲೆ. ಅಗತ್ಯಕ್ಕಿಂತ ಹೆಚ್ಚು ಪೆಟ್ಟು ಮಾಡುವಂತಿಲ್ಲ, ಪೊಲೀಸರನ್ನ ಕರೆಯೋಕೆ ಸಮಯ ಇದ್ದರೆ ಕರೆಯಬೇಕು ಅಂತ 37ನೇ ಕಲಂ ಹೇಳುತ್ತೆ.

ಪ್ರಾಣಿಗೂ ಹಾಗೇ. ಬೆಳೆ ರಕ್ಷಣೆ ಲೈಸೆನ್ಸ್ ಇದ್ದರೂ ಹಂದಿ ಕೊಲ್ಲೋಕೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು. ನವಿಲು, ಬಾಸೂರು ಕಾವಲಿನಿಂದ ಹೊಲಕ್ಕೆ ಬರೋ ಕೃಷ್ಣಮೃಗ ಎರಡೂ ಒಂದನೇ ಅನುಸೂಚಿಯ ಪ್ರಾಣಿಗಳು. ಅವುಗಳ ತಂಟೆಗೆ ಹೋಗಲೇಬೇಡಿ. ಕತ್ತಲಲ್ಲಿ ಸದ್ದು ಕೇಳಿ ಹೊಡೆಯೋದಂತೂ ಬೇಡ. ಹಂದಿ ಅಂದುಕೊಂಡು ಮನುಷ್ಯನಿಗೆ ಹೊಡೆದ ಸುದ್ದಿ ಮಲೆನಾಡಿನಿಂದ ಬರುತ್ತಲೇ ಇರುತ್ತೆ. ಬ್ಯಾಟರಿ ಬಿಟ್ಟು ಮುಖ ನೋಡದೆ ಟ್ರಿಗರಿಗೆ ಬೆರಳು ಹೋಗಬಾರದು. ತಗಡಿನ ಬಾಗಿಲು, ಅಡಿಕೆ ದಬ್ಬೆ ಗೋಡೆ 12 ಬೋರಿನ ದಪ್ಪ ಚರೆಯನ್ನ ತಡೆಯಲ್ಲ. ಆಚೆ ಕೋಣೆಯಲ್ಲಿ ಮಲಗಿರೋರು ನಿಮ್ಮವರೇ.

ಮನೆಯಲ್ಲಿ ಮಕ್ಕಳಿದ್ದರೆ, ಕುಡಿಯುವವರಿದ್ದರೆ, ಸಾಲದ ಚಿಂತೆಯಲ್ಲಿ ಮಂಕಾಗಿ ಕೂತವರಿದ್ದರೆ ಕೋವಿ ತರಲೇಬೇಡಿ ಅನ್ನೋದು ನಮ್ಮ ಅಭಿಪ್ರಾಯ. ತಂದರೆ ತೋಟಾ ತೆಗೆದು ಬೀರುವಿನಲ್ಲಿ ಬೀಗ ಹಾಕಿಡಿ, ತೋಟಾಗಳಿಗೆ ಬೇರೆ ಬೀಗ. ಆ ಬೀರು, ಲೈಸೆನ್ಸ್ ಫೀಸು, ಚಿಕ್ಕಮಗಳೂರಿನ ಓಡಾಟ ಎಲ್ಲ ಕೋವಿ ರೇಟಿಗೆ ಸೇರಿಸಿ ಲೆಕ್ಕ ಹಾಕಿ. ಅದಕ್ಕಿಂತ ಕಮ್ಮಿಯಲ್ಲಿ ಕಬ್ಬಿಣದ ಬಾಗಿಲು, ಅಂಗಳಕ್ಕೆ ಸೋಲಾರ್ ಲೈಟು, ಒಂದು ಸಿಸಿ ಕ್ಯಾಮೆರಾ, ಎರಡು ನಾಯಿ ಆಗುತ್ತೆ. ಅಡಿಕೆ ಮನೆಯಲ್ಲಿ ರಾಶಿ ಇಡದೆ ಬೇಗ ಸಾಗಿಸಿದರೆ ಕಳ್ಳನಿಗೆ ಬರೋ ಕಾರಣವೇ ಅರ್ಧ ಕಮ್ಮಿ. 112 ನಂಬರು ಮನೆಯ ಹಿರಿಯರ ಫೋನಿನಲ್ಲಿ ಒತ್ತಿದ ಕೂಡಲೇ ಹೋಗೋ ಹಾಗೆ ಮಾಡಿಕೊಡಿ.

ಇನ್ನೊಂದು, ಚುನಾವಣೆ ಘೋಷಣೆ ಆದಾಗ ಕೋವಿ ಜಮಾ ಮಾಡಿ ಅಂತ ಠಾಣೆಯಿಂದ ಕರೆ ಬರುತ್ತೆ. ನಿಜವಾಗಲೂ ಅಪಾಯ ಇದೆ ಅನ್ನೋರು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಗೆ ವಿನಾಯಿತಿ ಅರ್ಜಿ ಕೊಡಬಹುದು. ಉಳಿದವರು ಜಮಾ ಮಾಡುವಾಗ ರಶೀದಿಯಲ್ಲಿ ಕೋವಿ ನಂಬರು, ತೋಟಾ ಎಷ್ಟು ಅನ್ನೋದನ್ನ ಬರೆಸಿಕೊಳ್ಳಿ. ಫಲಿತಾಂಶ ಬಂದು ಚುನಾವಣೆ ಪ್ರಕ್ರಿಯೆ ಮುಗಿದ ಮೇಲೆ ಅದೇ ರಶೀದಿ ತೋರಿಸಿ ವಾಪಸ್ ತರಬೇಕು.