ಬಯಲು ಬಂದೀಖಾನೆ

ಶಿಕ್ಷೆಯ ಕೊನೆಯ ವರ್ಷಗಳನ್ನು ಎತ್ತರದ ಗೋಡೆಯಿಲ್ಲದ ಜಾಗದಲ್ಲಿ ದುಡಿಯುತ್ತ ಕಳೆದು, ಹೊರಗಿನ ಬದುಕಿಗೆ ಕೈದಿ ಅಣಿಯಾಗಲೆಂದು ರೂಪುಗೊಂಡ ಸೆರೆಮನೆ. ಭಾರತದಲ್ಲಿ ಇದರ ಚರಿತ್ರೆಯೆಂದರೆ ಹೆಚ್ಚುಕಡಿಮೆ ಅಲ್ಲಿಗೆ ಯಾರನ್ನು ಕಳಿಸಬೇಕೆಂಬ ಹಿಂಜರಿಕೆಯ ಚರಿತ್ರೆ.

ಜೈಲಿನ ಗುರಿ ಕೈದಿಯ ಸುಧಾರಣೆ ಎಂದು 1919–20ರ ಭಾರತೀಯ ಜೈಲು ಸಮಿತಿ ಸಾರಿತ್ತು. ಸ್ವಾತಂತ್ರ್ಯಕ್ಕೆ ಮೊದಲೇ ಔಂಧ್ ಸಂಸ್ಥಾನದ ಸ್ವತಂತ್ರಪುರದಲ್ಲಿ ಕೈದಿಗಳನ್ನು ಬಯಲಿಗೆ ಬಿಟ್ಟು ಬೇಸಾಯ ಮಾಡಿಸಿದರು. ನಿರ್ದೇಶಕ ವಿ. ಶಾಂತಾರಾಮರ ‘ದೋ ಆಂಖೇ ಬಾರಹ್ ಹಾಥ್’ (1957) ಚಿತ್ರಕ್ಕೆ ಪ್ರೇರಣೆ ಅದೇ. 1950ರ ದಶಕದ ಆರಂಭದಲ್ಲಿ ಉತ್ತರ ಪ್ರದೇಶದ ಕೈದಿಗಳು ಕೂಲಿ ಪಡೆದು ಚಂದ್ರಪ್ರಭಾ ನದಿಯ ಅಣೆಕಟ್ಟೆಗೆ ದುಡಿದರು. ಅವರಿದ್ದ ಶಿಬಿರಕ್ಕೆ, ಮುಂದೆ ಅದೇ ರಾಜ್ಯದ ಮುಖ್ಯಮಂತ್ರಿಯಾದ ಸಂಪೂರ್ಣಾನಂದರ ಹೆಸರಿತ್ತು. ಅವರು ರಾಜಸ್ಥಾನದ ರಾಜ್ಯಪಾಲರಾಗಿದ್ದಾಗ, 1963ರಲ್ಲಿ, ಜೈಪುರದ ಬಳಿ ಸಾಂಗಾನೇರ್ ಶಿಬಿರ ತೆರೆಯಿತು.

ಸಾಂಗಾನೇರಿನ ಕೈದಿ ಹೆಂಡತಿ ಮಕ್ಕಳೊಡನೆ ಸಂಸಾರ ಹೂಡುತ್ತಾನೆ. ಬೆಳಗಿನ ಹಾಜರಿ ಮುಗಿಸಿ ಊರೊಳಗೆ ಕೆಲಸಕ್ಕೆ ಹೋಗಿ, ಸಂಜೆಯ ಹಾಜರಿಗೆ ಮರಳುತ್ತಾನೆ. ಅನ್ನ ಅವನ ದುಡಿಮೆಯದೇ. ಶಿಬಿರದ ಆಗುಹೋಗು ನೋಡಿಕೊಳ್ಳಲು ಕೈದಿಗಳದೇ ಪಂಚಾಯತಿ.

ಕರ್ನಾಟಕದ ಬಯಲು ಬಂದೀಖಾನೆ ಇರುವುದು ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ (ಬೆಂಗಳೂರಿನ ಬಡಾವಣೆಯಲ್ಲ). ಅದರ ಸಾಮರ್ಥ್ಯ 80. ಬೀದರ್ ಕಡೆಯವನನ್ನು ಅಲ್ಲಿಗೆ ಕಳಿಸಿದರೆ ಮನೆಯವರು ನೋಡಲು ಬರುವುದೇ ಕಷ್ಟ.

ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿಯೊಬ್ಬರ ಪತ್ರದಿಂದ ಹುಟ್ಟಿದ ಪ್ರಕರಣದಲ್ಲಿ, ಜಿಲ್ಲಾ ಕೇಂದ್ರಗಳಲ್ಲಾದರೂ ಇಂಥವನ್ನು ತೆರೆಯುವ ಕುರಿತು ಯೋಚಿಸಿ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಆದರೆ ಜಾಗ ಹೆಚ್ಚಿದರಷ್ಟೇ ಸಾಲದು, ಆಯ್ಕೆಯ ಜರಡಿ ಬಹಳ ಸಣ್ಣದು. ಸಜೆಯಾಗಿರಬೇಕು, ಅದರಲ್ಲೊಂದು ಭಾಗ ಕಳೆದಿರಬೇಕು (ರಾಜಸ್ಥಾನದಲ್ಲಿ ಮೂರನೇ ಒಂದು), ನಡತೆ ಒಳ್ಳೆಯದೆಂದು ಅಧಿಕಾರಿಗಳು ಒಪ್ಪಬೇಕು. ಕಳಿಸಿದವನು ಪರಾರಿಯಾದರೆ ಉತ್ತರ ಕೊಡಬೇಕಾದವರು ಅವರೇ. ಕಳಿಸದೆ ಉಳಿಸಿಕೊಂಡರೆ ಯಾರೂ ಕೇಳುವುದಿಲ್ಲ. ಹೆಣ್ಣುಮಕ್ಕಳಿಗೆ ಬಹುತೇಕ ರಾಜ್ಯಗಳಲ್ಲಿ ಬಹುಕಾಲ ಪ್ರವೇಶವೇ ಇರಲಿಲ್ಲ.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ವರ್ಷಗಟ್ಟಲೆ ಒಳಗಿದ್ದು ಖುಲಾಸೆಯಾಗಿ ಹೊರಬಂದವನಿಗೂ ಕೆಲಸ, ಮನೆ, ಊರವರ ವಿಶ್ವಾಸ ಬೇಕೇ ಬೇಕು. ಸಜೆಯಾಗದ ಕಾರಣ ಅವನು ಈ ವ್ಯವಸ್ಥೆಯ ಲೆಕ್ಕಕ್ಕೇ ಬರುವುದಿಲ್ಲ.